ಮೇಲಿನ ಕಣ್ಣು, ಕೆಳಗಿನ ಕಣ್ಣು

ನಾನೊಂದು ಕ್ಯಾಮೆರಾ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ನನಗೆ ಒಂದರ ಮೇಲೊಂದು ಎರಡು ಕಣ್ಣು ಕೂರಿಸಿದರು. ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಎರಡಕ್ಕೂ ಬೇರೆ ಬೇರೆ ಮುಚ್ಚಳ. ನನ್ನನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ನೆತ್ತಿಯೊಳಗೆ ನೋಡಬೇಕು. ಹಾಗಾಗಿ ಒಡೆಯರನ್ನೆಲ್ಲ ನಾನು ಕೆಳಗಿನಿಂದಲೇ ಬಲ್ಲೆ: ಗಲ್ಲ, ಮೂಗಿನ ಹೊಳ್ಳೆ, ಬಾಗಿದ ಹಣೆ.

ಮೊದಲು ಚಿಕ್ಕಪೇಟೆಯ ಸ್ಟುಡಿಯೋದ ಪುಟ್ಟಸ್ವಾಮಾಚಾರ್ ಕೈಯಲ್ಲಿದ್ದೆ. ಅವರಿಗೆ ಜನ ಬೇಕಿತ್ತು. ಗೋಡೆಗೆ ಪರದೆ ಹಾಕಿ ಮುಚ್ಚುತ್ತಿದ್ದರು. ಅವರು ಹೋದ ಮೇಲೆ ಬಹಳ ಕಾಲ ಬೀರುವಿನ ಕತ್ತಲೆ. ಕೊನೆಗೆ ಭಾನುವಾರದ ಸಂತೆಯಲ್ಲಿ, ತುಕ್ಕು ಹಿಡಿದ ಬೀಗಗಳ ನಡುವಿನಿಂದ ಚಿತ್ಕಲಾ ನನ್ನನ್ನು ಎತ್ತಿಕೊಂಡಳು.

ಅವಳಿಗೆ ಗೋಡೆ ಬೇಕಿತ್ತು, ಜನ ಬೇಡ. ಶೇಷಾದ್ರಿಪುರದ ಹಳೆಯ ಫ್ಲಾಟುಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದಳು. ಐವತ್ತರ ದಶಕದಲ್ಲಿ ಯಾರೋ ಹುಮ್ಮಸ್ಸಿನಿಂದ ಕಟ್ಟಿಸಿದವು. ಒಂದರ ಮೆಟ್ಟಿಲ ಗೋಡೆಗೆ ಹಡಗಿನಂತೆ ದುಂಡು ಕಿಟಕಿ, ಇನ್ನೊಂದರ ತಾರಸಿಯಲ್ಲಿ ಸಿಮೆಂಟಿನ ವೀಣೆ. ಮತ್ತೆ ಹೋದಾಗ ಒಂದಲ್ಲ ಒಂದು ಕಟ್ಟಡದ ಜಾಗದಲ್ಲಿ ತಗಡಿನ ಬೇಲಿ ಎದ್ದಿರುತ್ತಿತ್ತು. ಬೀದಿ ಖಾಲಿಯಾಗುವವರೆಗೆ ಕಾದು ಅವಳು ಗುಂಡಿ ಒತ್ತುತ್ತಿದ್ದಳು. ಆ ಮೌನ ನನಗೂ ಹಿತವಾಗಿತ್ತು.

ಒಂದು ಸಂಜೆ ವೀಣೆಯ ಕಟ್ಟಡಕ್ಕೆ ಹೋದೆವು. ಮರುದಿನ ಅದನ್ನು ಕೆಡವುವವರಿದ್ದರು. ಉಳಿದಿದ್ದವರು ಮೊದಲ ಮಹಡಿಯ ಅಂಬುಜಮ್ಮ ಒಬ್ಬರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಗಟ್ಟಿ ದನಿ. ಅಂದೇ ಅವರು ತಂಗಿಯ ಮನೆಗೆ ಹೊರಡಬೇಕಿತ್ತು.

"ಏನಮ್ಮಾ, ನಾನೂ ಬರ್ತೀನಾ ಫೋಟೋದಲ್ಲಿ?" ಬಾಲ್ಕನಿಯಿಂದ ಕೂಗಿ ಕೇಳಿದರು.

"ಸ್ವಲ್ಪ ಒಳಗೆ ಹೋಗ್ತೀರಾ ಅಮ್ಮ? ಆ ಬಟ್ಟೆಗಳನ್ನೂ..."

"ಬಟ್ಟೆ ಇಲ್ದಿದ್ರೆ ಅದು ಬಾಲ್ಕನಿಯೇನೇ? ಆಯ್ತು, ತೆಗೀತೀನಿ. ಆದ್ರೆ ಕೊನೇಲಿ ನಂದೊಂದು ತೆಗೀಬೇಕು. ಇಷ್ಟು ವರ್ಷ ಇಲ್ಲಿದ್ದೆ, ಈ ಮನೇಲಿ ನಂದು ಅಂತ ಒಂದು ಫೋಟೋ ಇಲ್ಲ ಕಣೆ."

ಚಿತ್ಕಲಾ ಒಪ್ಪಿದಳು. ಒಂದೊಂದಾಗಿ ಚಿತ್ರ ತೆಗೆಯುತ್ತಾ ಹೋದಳು. ಮೇಲಿನ ಕಣ್ಣಿನಲ್ಲಿ ಎಲ್ಲವೂ ಸ್ಪಷ್ಟ. ಕೆಳಗಿನ ಕಣ್ಣಿನ ಮುಚ್ಚಳ ತೆಗೆದೇ ಇರಲಿಲ್ಲ. ಕೂಗಲು ನನಗೆ ಬಾಯಿಲ್ಲ. ರೀಲಿನಲ್ಲಿ ಒಂದೇ ಚಿತ್ರ ಉಳಿದಾಗ, ಧೂಳು ಒರೆಸಲು ಹೋದ ಅವಳ ಬೆರಳು ಮುಚ್ಚಳಕ್ಕೆ ತಾಗಿತು.

ಅಲ್ಲಿಯವರೆಗೆ ತೆಗೆದದ್ದೆಲ್ಲ ವ್ಯರ್ಥ. ಬೇರೆ ರೀಲು ತಂದಿರಲಿಲ್ಲ. ಬಿಸಿಲು ವೀಣೆಯ ತುದಿಗೇರಿತ್ತು. ಅವಳ ಬಾಗಿದ ಹಣೆಯನ್ನೇ ನೋಡುತ್ತಿದ್ದೆ. ಖಾಲಿ ಕಟ್ಟಡವೋ, ಕೊಟ್ಟ ಮಾತೋ? ತಲೆ ಎತ್ತಿ ಬಾಲ್ಕನಿಯತ್ತ ಕೂಗಿದಳು.

"ಅಮ್ಮ, ಬನ್ನಿ. ಬಟ್ಟೆನೂ ಹಾಕಿಬಿಡಿ."

"ಈಗಷ್ಟೇ ಮಡಿಚಿದ್ನಲ್ಲೇ!" ಎಂದು ಬೈದುಕೊಂಡೇ ಅಂಬುಜಮ್ಮ ಸೀರೆಯೊಂದನ್ನು ಬಾಲ್ಕನಿಯ ಕಟಾಂಜನದ ಮೇಲೆ ಇಳಿಬಿಟ್ಟು ನಿಂತರು. ಮರುಕ್ಷಣ ಒಳಗೆ ತಿರುಗಿದರು. "ಅಯ್ಯೋ, ಒಲೆ ಮೇಲೆ ಹಾಲು!"

"ಹೋಗಿ ಬನ್ನಿ, ಕಾಯ್ತೀನಿ."

"ನೀನು ಕಾಯ್ತೀಯ, ಬಿಸಿಲು ಕಾಯತ್ತಾ? ಉಕ್ಲಿ ಬಿಡು. ಈ ಮನೆಗೆ ಬಂದಾಗ್ಲೂ ಹಾಲು ಉಕ್ಕಿಸ್ಕೊಂಡೇ ಬಂದಿದ್ವಿ."

ಆ ಮಾತಿನ ನಡುವೆಯೇ ನನ್ನ ರೆಪ್ಪೆ ತೆರೆದು ಮುಚ್ಚಿತು.

ಈಗ ನನ್ನ ಸ್ಪ್ರಿಂಗು ಸೋತಿದೆ. ಚಿತ್ಕಲಾಳ ಕಪಾಟಿನಲ್ಲಿ ಕುಳಿತು ಎದುರು ಗೋಡೆಯ ಆ ಚಿತ್ರವನ್ನು ನೋಡುತ್ತಿರುತ್ತೇನೆ: ಮಾತಿನ ನಡುವೆ ಬಾಯಿ ತೆರೆದ ಅಂಬುಜಮ್ಮ, ಪಕ್ಕದಲ್ಲಿ ಇಳಿಬಿದ್ದ ಸೀರೆ. ಮನೆಗೆ ಬಂದವರು ಅದರ ಮುಂದೆ ದನಿ ತಗ್ಗಿಸುತ್ತಾರೆ. "ಪಾಪ, ಅಳ್ತಿದ್ದಾರೆ" ಎನ್ನುತ್ತಾರೆ ಕೆಲವರು. "ಪ್ರತಿಭಟನೆ" ಎನ್ನುತ್ತಾರೆ ಇನ್ನು ಕೆಲವರು. ಚಿತ್ಕಲಾ ಯಾರನ್ನೂ ತಿದ್ದುವುದಿಲ್ಲ. ಅವರು ಹೊರಟ ಮೇಲೆ, ಒಳಗೆ ಹೋಗಿ ಒಲೆಯ ಮೇಲೆ ಹಾಲಿಡುತ್ತಾಳೆ.