ಗುಂಪಿನ ಬಾಲ

ನಮ್ಮ ಸೈಕಲ್ ಗುಂಪಿನಲ್ಲಿ ಎಲ್ಲರಿಗಿಂತ ಕೊನೆಯಲ್ಲಿ ಬರುವವಳು ನಾನು. ಅದಕ್ಕೇ ನನ್ನ ಹೆಸರು ‘ಬಾಲ’. ಏರು ಹತ್ತಲಾಗದೆ ಹಿಂದೆ ಬಿದ್ದವಳು ಅಂದುಕೊಳ್ಳಬೇಡಿ, ಹಿಂದೆ ಬರುವುದೇ ನನ್ನ ಕೆಲಸ. ಗುಡ್ಡದ ದಾರಿ ಕವಲೊಡೆಯುವ ಕಡೆಯೆಲ್ಲ, ಮುಂದೆ ಹೋಗುವ ಕ್ಯಾಪ್ಟನ್ ಒಬ್ಬೊಬ್ಬರನ್ನು ಇಳಿಸಿ ನಿಲ್ಲಿಸುತ್ತಾನೆ. ಅವರು ಬಂದವರಿಗೆಲ್ಲ ದಾರಿ ತೋರಿಸುತ್ತ ಅಲ್ಲೇ ನಿಂತಿರಬೇಕು. ಕೊನೆಗೆ ನಾನು ಬಂದು “ಆಯ್ತು, ನಡಿ” ಅಂದ ಮೇಲೆಯೇ ಅವರಿಗೆ ಬಿಡುಗಡೆ. ಅಲ್ಲಿಯವರೆಗೆ ತಲೆಯ ಮೇಲೆ ತಲೆ ಬಿದ್ದರೂ ಕದಲುವಂತಿಲ್ಲ. ಈ ನಿಯಮ ಮಾಡಿದ್ದೂ ನಾನೇ.

ಬೆಳಗ್ಗೆ ಮಾತ್ರ ಎಲ್ಲರಿಗಿಂತ ಮುಂದೆ ಕೂರುತ್ತೇನೆ. ಶಾಲೆಯ ಬಸ್ ನನ್ನದು. ನನ್ನದು ಅಂದರೆ ಶಾಲೆಯದೇ, ಆದರೆ ಅದರ ಗೇರು ಯಾವಾಗ ಮುನಿಸಿಕೊಳ್ಳುತ್ತದೆ ಅಂತ ತಿಳಿದಿರುವುದು ನನಗೊಬ್ಬಳಿಗೇ. ಶಾಲೆ ಬಿಟ್ಟ ಮೇಲೆ ಕೊನೆಯ ನಿಲ್ದಾಣದಲ್ಲಿ ಒಂದು ಪುಟ್ಟ ಹುಡುಗಿ ಇಳಿಯುತ್ತಾಳೆ. ಇಳಿದವಳು ಸೀದಾ ಮನೆಗೆ ಹೋಗಬೇಕೋ ಬೇಡವೋ? ಇಲ್ಲ, ಎಡಗಡೆಯ ಬಾಗಿಲಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಶೂ ದಾರ ಕಟ್ಟಿಕೊಳ್ಳುತ್ತಾಳೆ. ದಿನಾ ಬಯ್ಯುತ್ತೇನೆ, ದಿನಾ ಕಟ್ಟಿಕೊಳ್ಳುತ್ತಾಳೆ.

ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ನನ್ನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಚುಕ್ಕಿ ಮಿನುಗಿದಾಗೆಲ್ಲ ಗುಂಡಿ ಒತ್ತಬೇಕು. ನಾನು ಒತ್ತಿದೆ. ಎಷ್ಟೋ ಹೊತ್ತು ಚುಕ್ಕಿಯೇ ಬರಲಿಲ್ಲ, ಯಂತ್ರ ಕೆಟ್ಟಿದೆ ಅಂದುಕೊಂಡೆ. ಡಾಕ್ಟರು ಚಿತ್ರ ತೋರಿಸಿದರು. ಎಡಗಡೆಯ ಅಂಚೆಲ್ಲ ಕಪ್ಪು.

“ಎದುರಿಗಿರೋದು ಚೆನ್ನಾಗೇ ಕಾಣುತ್ತೆ. ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ. ಹೋಗಿದ್ದು ವಾಪಸ್ ಬರಲ್ಲ. ಬಸ್ ಓಡಿಸೋದು ನಿಲ್ಲಿಸಿ” ಅಂದರು.

ಜೊತೆಗೆ ಬಂದಿದ್ದ ನನ್ನ ತಂಗಿ ಹೊರಗೆ ಬರುತ್ತಿದ್ದಂತೆ ಶುರು ಮಾಡಿದಳು. ಅವಳಿಗೆ ಕೂದಲು ಕತ್ತರಿಸುವ ಅಂಗಡಿ ಇದೆ, ಬಾಯಿಯೂ ಕತ್ತರಿಯೇ. “ಅಕ್ಕಾ, ಸ್ಕೂಲಲ್ಲಿ ನೀನೇ ಹೇಳ್ಬಿಡು.”

“ನೀನು ನಿನ್ನ ಬಾಚಣಿಗೆ ನೋಡ್ಕೋ. ನನ್ನ ಬಸ್ಸಿನ ಉಸಾಬರಿ ನಿಂಗ್ಯಾಕೆ?” ಅಂದೆ. ಬಸ್ಸನ್ನು ನಾನು ಬಿಡಲಿಲ್ಲ. ಒಂದೇ ಸೈಕಲ್ ಗುಂಪಿನಲ್ಲಿದ್ದರೂ ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವಳಿಗೆ ಅದಕ್ಕಿಂತ ಒಂದಿಷ್ಟು ಮುಂದೆ.

ಚಳಿ ಕಳೆದು, ಸಂಜೆ ಉದ್ದವಾಗಿ, ಗುಂಪು ಮತ್ತೆ ಹೊರಡುವ ದಿನ ಬಂತು. ನಾನು ಮನಸ್ಸಿನಲ್ಲೇ ಒಂದು ಪಂಥ ಕಟ್ಟಿಕೊಂಡೆ. ಇವತ್ತು ಕವಲಿನಲ್ಲಿ ನಿಂತವರನ್ನೆಲ್ಲ ಒಬ್ಬರನ್ನೂ ಬಿಡದೆ ಕರೆತಂದರೆ ಯಂತ್ರ ಸುಳ್ಳು, ನಾಳೆ ಬಸ್ಸು ನನ್ನದೇ. ಬಿಟ್ಟರೆ ಏನು ಅಂತ ಯೋಚಿಸಲೇ ಇಲ್ಲ. ಯೋಚಿಸುವ ಧೈರ್ಯವಿರಲಿಲ್ಲ.

ದಾರಿಯುದ್ದಕ್ಕೂ ಮರಗಳು ಚಿಗುರಿದ್ದವು, ಹಸಿ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತಿತ್ತು. ನನಗೆ ಅದ್ಯಾವುದೂ ಬೇಕಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮನುಷ್ಯರನ್ನು ಹುಡುಕುತ್ತಿದ್ದೆ. ಮೊದಲ ಕವಲಿನಲ್ಲಿ ಔಷಧಿ ಅಂಗಡಿಯವನು ಸಿಕ್ಕಿದ. “ಆಯ್ತು, ನಡಿ.” ಹಳ್ಳದ ಹತ್ತಿರ ದಪ್ಪಗಿನ ಟೀಚರಮ್ಮ ಕಲ್ಲಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. “ಎಲ್ಲ ನೀವೇ ಮುಗಿಸ್ಬೇಡಿ, ಏಳಿ” ಅಂದೆ. ಎದೆ ಹಗುರಾಯಿತು. ಡಾಕ್ಟರಿಗೆ ಏನು ಹೇಳಬೇಕು ಅನ್ನುವ ಮಾತುಗಳೂ ಬಾಯಿಗೆ ಬಂದವು.

ಆಮೇಲೆ ಹಣ್ಣಿನ ತೋಟದ ಬೇಲಿ. ಬೇಲಿಯ ತಿರುವು ದಾಟಿದ ಕೂಡಲೇ ಕವಲು, ದಾರಿ ಬಲಕ್ಕೆ. ಅಲ್ಲಿ ಯಾರೂ ಇರಲಿಲ್ಲ. ಗೊತ್ತಿರುವ ದಾರಿ, ಕ್ಯಾಪ್ಟನ್ ಯಾರನ್ನೂ ನಿಲ್ಲಿಸಿಲ್ಲ ಅಂದುಕೊಂಡೆ. ಹೂಬಿಟ್ಟ ಮರಗಳನ್ನು ಆಗ ಮೊದಲ ಸಲ ಕಣ್ತುಂಬ ನೋಡಿ, ಇಳಿಜಾರಿನಲ್ಲಿ ಬ್ರೇಕ್ ಬಿಟ್ಟೆ.

ಸೇತುವೆಯ ಹತ್ತಿರ ಎಲ್ಲರೂ ನಿಂತಿದ್ದರು. ಕ್ಯಾಪ್ಟನ್ ನನ್ನ ಹಿಂದೆ ನೋಡಿದ. “ನಿನ್ ತಂಗಿ ಎಲ್ಲಿ?”

“ನಿಮ್ಮ ಜೊತೆ ಇಲ್ವಾ?”

“ತೋಟದ ಗೇಟ್ ಹತ್ರ ನಾನೇ ನಿಲ್ಲಿಸಿ ಬಂದ್ನಲ್ಲ.”

ಸೈಕಲ್ ತಿರುಗಿಸಿದೆ. ಇನ್ನೂ ಚೆನ್ನಾಗಿ ಬೆಳಕಿತ್ತು. ಕತ್ತಲೆಯ ಮೇಲೆ ಹಾಕಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಆಗುವಂತಿರಲಿಲ್ಲ. ಕ್ಯಾಪ್ಟನ್ನೂ ಟೀಚರಮ್ಮನೂ ಹಿಂದೆಯೇ ಬಂದರು.

ಅವಳು ನಿಂತೇ ಇದ್ದಳು. ಗೇಟಿಗೆ ಒರಗಿ, ದಾರಿಯ ಎಡಗಡೆ, ಕಣ್ಣಿಗೆ ಚುಚ್ಚುವಂಥ ಹಳದಿ ಜಾಕೆಟ್ ಹಾಕಿಕೊಂಡು. ನಿಯಮ ಅಂದರೆ ನಿಯಮ.

“ಏನೇ, ಅಷ್ಟೊಂದು ಕೊಬ್ಬಾ?” ದೂರದಿಂದಲೇ ಕೂಗಿದಳು. “ಕೈ ಚಾಚಿದ್ರೆ ಸಿಗೋಷ್ಟು ಹತ್ರ ಇದ್ದೆ. ರಾಜಿಯಾಗೋಣ ಅಂತ ಕೈ ಬೇರೆ ಎತ್ತಿದ್ದೆ. ಮುಖ ಆ ಕಡೆ ಮಾಡ್ಕೊಂಡು ಹೋದ್ಯಲ್ಲ!”

ಕ್ಯಾಪ್ಟನ್ ನಗತೊಡಗಿದ. “ಅಕ್ಕತಂಗೀರ ಜಗಳದಲ್ಲಿ ನಮ್ಮ ಸಂಜೆ ಹೋಯ್ತಲ್ರಮ್ಮ.”

‘ಹೌದು, ಕೋಪ ಇನ್ನೂ ಇಳಿದಿರಲಿಲ್ಲ, ಬೇಕಂತಲೇ ಹೋದೆ’ ಅಂದಿದ್ದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಬಂದೇ ಬಿಟ್ಟಿತ್ತು. ಎಲ್ಲರೂ ನಂಬುತ್ತಿದ್ದರು, ನನ್ನ ಸ್ವಭಾವವೇ ಸಾಕ್ಷಿ ಹೇಳುತ್ತಿತ್ತು. ಆದರೆ ಬಾಯಿ ತೆರೆದಾಗ ಕಣ್ಣ ಮುಂದೆ ಬಂದದ್ದು ಬಸ್ಸಿನ ಬಾಗಿಲ ಪಕ್ಕ ಕೂತು ದಾರ ಕಟ್ಟಿಕೊಳ್ಳುವ ಆ ಪುಟ್ಟ ಬೆನ್ನು. ಅದೂ ಎಡಗಡೆಯೇ.

“ನೀನು ಕಾಣ್ಲಿಲ್ಲ ಕಣೇ” ಅಂದೆ.

ತಂಗಿಯ ಮುಖ ಬಿಳಚಿಕೊಂಡಿತು. ಅವಳು ತಿರುಗಿ ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಕ್ಯಾಪ್ಟನ್ನಿನ ನಗು ಅರ್ಧಕ್ಕೆ ನಿಂತಿತು. ಟೀಚರಮ್ಮ ಅವನ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು.

ಅಲ್ಲೇ ಗೇಟಿನ ಮುಂದೆ ಮಣ್ಣಿನಲ್ಲಿ ಕೂತೆ. ಇಷ್ಟು ದಿನ ನಾನು ಹೆದರಿದ್ದು ಕತ್ತಲೆಗೆ. ಕಪ್ಪಗೆ ಏನಾದರೂ ಕಂಡೀತು ಅಂತ ಕಾದಿದ್ದೆ. ಆದರೆ ತಂಗಿ ಇರಬೇಕಾದ ಜಾಗದಲ್ಲಿ ಕಂಡದ್ದು ಬೇಲಿ, ಹುಲ್ಲು, ಬೆಳಕು. ಏನೂ ಕೊರತೆ ಇರಲಿಲ್ಲ. ಇಂಥ ಕಣ್ಣಿನ ಎದುರು ನಾನು ಹೇಗೆ ಹುಷಾರಾಗಿರಲಿ? ಜೋರಾಗಿ ಅತ್ತೆ. ಅಳುವುದರಿಂದ ಏನೂ ಹಗುರಾಗಲಿಲ್ಲ.

ಆಮೇಲೆ ಶಾಲೆಗೆ ಫೋನ್ ಮಾಡಿದೆ. ಹೆಡ್ ಮೇಡಂ ಅಡುಗೆಮನೆಯಲ್ಲಿದ್ದರೇನೋ, ಪಾತ್ರೆ ಸದ್ದಾಗುತ್ತಿತ್ತು.

“ಬಸ್ಸಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಡಂ.”

“ನಾಳೆ ಒಂದಿನಕ್ಕಾ?”

“ಅಲ್ಲ ಮೇಡಂ. ನನಗೆ ಕಣ್ಣು ಹೋಗ್ತಿದೆ” ಅಂದೆ. ಮತ್ತೆ, “ಕೊನೆ ಸ್ಟಾಪಲ್ಲಿ ಒಂದು ಮಗು ಇಳಿದ್ಮೇಲೂ ಬಾಗಿಲ ಹತ್ರಾನೇ ಕೂತಿರುತ್ತೆ. ಹೊಸಬ್ರಿಗೆ ಮರೀದೆ ಹೇಳಿ.”

ಇಬ್ಬರೂ ಸೈಕಲ್ ತಳ್ಳಿಕೊಂಡು ಇಳಿದೆವು. ತಂಗಿ ನನ್ನ ಎಡಗಡೆ ಬರುತ್ತಿದ್ದಳು. ಕತ್ತು ಹೊರಳಿಸಿದರೆ ಮಾತ್ರ ಇದ್ದಳು, ಇಲ್ಲದಿದ್ದರೆ ಇಲ್ಲ. ಅದು ಅವಳಿಗೂ ತಿಳಿದಿರಬೇಕು, ಸೇತುವೆ ಬರುವವರೆಗೆ ಆಗಾಗ ಸೈಕಲ್ಲಿನ ಗಂಟೆ ಬಾರಿಸುತ್ತಲೇ ಇದ್ದಳು.