ವಾರದ ಚೀಟಿ

"ಇನ್ನೊಂದ್ಸಲ ಓದ್ರೀ, ಸರಿಯಾಗಿ ಕೇಳಿಸ್ಲಿಲ್ಲ," ಎಂದಳು ಟೈಲರಮ್ಮ.

ಗಂಡ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತನಾದ ಪೋಸ್ಟ್‌ಮ್ಯಾನ್ ಅವನು. ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರವನ್ನೂ ನೀರು ಕುಡಿದ ಹಾಗೆ ಓದಿಬಿಡುವವನು ಈ ನಾಲ್ಕು ಸಾಲಿಗೆ ಯಾಕೋ ಎರಡು ಸಲ ಕೆಮ್ಮಿದ.

"'ಒಬ್ಬರ ಮನಸ್ಸು ನೋಯಿಸಿದ್ದೀನಿ. ತಪ್ಪು ನನ್ನದೇ. ಅವರ ಗೇಟಿನವರೆಗೆ ಹೋಗಿ ಎಷ್ಟೋ ಸಲ ವಾಪಸ್ ಬಂದಿದ್ದೀನಿ. ಅವರ ಮನಸ್ಸು ಕರಗಲಿ ಅಂತ ಪ್ರಾರ್ಥಿಸಿ.' ಅಷ್ಟೇ."

"ಪಾಪ, ಯಾವ ಜೀವವೋ," ಎಂದು ಟೈಲರಮ್ಮ ಕಣ್ಣು ಮುಚ್ಚಿದಳು.

ಅವರ ಚರ್ಚಿನ ಬಾಗಿಲಲ್ಲಿ ಒಂದು ಡಬ್ಬಿ. ಭಾನುವಾರ ಪ್ರತಿಯೊಬ್ಬರೂ ತಮ್ಮ ಕೋರಿಕೆಯನ್ನು ಹೆಸರಿಲ್ಲದೆ ಬರೆದು ಹಾಕಬೇಕು, ಇನ್ನೊಬ್ಬರದನ್ನು ಎತ್ತಿಕೊಂಡು ವಾರವಿಡೀ ಪ್ರಾರ್ಥಿಸಬೇಕು, 'ಪ್ರಾರ್ಥಿಸಿದ್ದೇನೆ' ಎಂದು ಹಿಂದೆ ಬರೆದು ಮರಳಿಸಬೇಕು. ಟೈಲರಮ್ಮನ ಕೋರಿಕೆ ಆರು ವರ್ಷದಿಂದ ಒಂದೇ: 'ತಂಗಿಗೆ ದೇವರು ಬುದ್ಧಿ ಕೊಡಲಿ.'

ತಂಗಿಯ ಮಗಳ ಮದುವೆಗೆ ಊಟ ನಿದ್ದೆ ಬಿಟ್ಟು ಗೌನು ಹೊಲಿದುಕೊಟ್ಟಿದ್ದಳು. ಟೇಪಿನ ಒಳಗೆ ಎರಡು ಬೆರಳಿಟ್ಟು ಅಳೆಯುವುದು ಅವಳ ಪದ್ಧತಿ, ಅದಕ್ಕಿಂತ ಸಡಿಲ ಅವಳಿಗೆ ಸೇರದು. ತಂಗಿಯೋ ನೆಂಟರ ಎದುರೇ, "ತೋಳು ಬಿಗಿ. ಅಕ್ಕನಿಗೆ ಈಗ ಅಳತೆ ತಪ್ತಾ ಇದೆ," ಎಂದು ಬೇರೆ ಟೈಲರ್ ಹತ್ತಿರ ಬಿಚ್ಚಿಸಿದಳು. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಚರ್ಚಿನಲ್ಲಿ ಅಕ್ಕ ಬಲಗಡೆ, ತಂಗಿ ಎಡಗಡೆ. ಯಾರಾದರೂ ಕೇಳಿದರೆ ಟೈಲರಮ್ಮ, "ದೇವರ ಸಮಯ ಬಂದಾಗ ಅವಳೇ ಬರ್ತಾಳೆ," ಅನ್ನುವಳು. ಮನಸ್ಸಿನೊಳಗೆ ಮಾತ್ರ ದಿನವೂ ಗೇಟಿನ ಸದ್ದಿಗೆ ಕಿವಿ ಕೊಡುವಳು.

ಈ ಭಾನುವಾರ ಬೆಂಚಿನ ಮೇಲಿಟ್ಟ ಕನ್ನಡಕದ ಮೇಲೆ ತಾನೇ ಕೂತುಬಿಟ್ಟಿದ್ದಳು. ಸೂಜಿಗೆ ದಾರ ಪೋಣಿಸಲಾಗದೆ ಮೆಷಿನ್ನಿಗೆ ಮುಸುಕು ಬಿತ್ತು. ಕೈಗೆ ಕೆಲಸವಿಲ್ಲದ್ದರಿಂದ ಪ್ರಾರ್ಥನೆಗೆ ಭರ್ತಿ ಪುರುಸೊತ್ತು.

ಸೋಮವಾರ ಮೆತ್ತಗೆ ಕೇಳಿದಳು. ಬುಧವಾರದ ಹೊತ್ತಿಗೆ ಸ್ವರ ಏರಿತು. "ಕರ್ತನೇ, ಈ ಜೀವ ಗೇಟಿನವರೆಗೆ ಬಂದು ವಾಪಸ್ ಹೋಗ್ತಾ ಇದೆ. ಆ ಕಲ್ಲುಮನಸ್ಸಿನವರಿಗೆ ಏನು ಧಾಡಿ? ತಾವೇ ಒಂದು ಹೆಜ್ಜೆ ಮುಂದೆ ಬಂದ್ರೆ ಗಂಟೇನು ಹೋಗುತ್ತೆ? ಆ ಜಂಬ ಇಳಿಸಪ್ಪಾ!"

"ಆಮೆನ್!" ಎಂದ ಗಂಡ, ಬೇಕಾದ್ದಕ್ಕಿಂತ ಜೋರಾಗಿ.

ಶುಕ್ರವಾರ ಅವಳು ನಿಜಕ್ಕೂ ಅತ್ತಳು. ಗುರುತಿಲ್ಲದ ಆ ಹೆಂಗಸಿಗಾಗಿ (ಹೆಂಗಸೇ ಇರಬೇಕು ಎಂದು ಅವಳಿಗೆ ಖಾತ್ರಿ) ಮರುಗಿ ಅತ್ತಳು.

ಶನಿವಾರ ಬೆಳಿಗ್ಗೆ ಗಂಡ ಹೊಸ ಫ್ರೇಮಿನ ಕನ್ನಡಕ ತಂದುಕೊಟ್ಟ. ಚೀಟಿಯ ಹಿಂದೆ ಬರೆಯಲು ಕೂತ ಟೈಲರಮ್ಮ ಸುಮ್ಮನೆ ಮಗುಚಿ ನೋಡಿದಳು. ಬಲಕ್ಕೆ ವಾಲಿದ ಅಕ್ಷರಗಳು. ಚಿಕ್ಕಂದಿನಲ್ಲಿ ತಾನೇ ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದರೂ ನೆಟ್ಟಗಾಗದ ಅಕ್ಷರಗಳು. 'ಒಬ್ಬರ ಮನಸ್ಸು' ಅಂತ ಎಲ್ಲೂ ಇರಲಿಲ್ಲ. 'ನನ್ನಕ್ಕನ ಮನಸ್ಸು' ಅಂತಿತ್ತು.

ಚೀಟಿಯನ್ನು ಗಂಡನ ಮುಂದೆ ಹಿಡಿದಳು. "ನಿಮಗೆ ಗೊತ್ತಿತ್ತಾ?" ಎಂದಳು.

"ಮೂವತ್ತು ವರ್ಷ ಅಕ್ಷರ ನೋಡೇ ಅಲ್ವಾ ಅನ್ನ ತಿಂದದ್ದು."

"ಅದಕ್ಕೇ ತಪ್ಪು ಓದಿದ್ರಾ?"

"ಕನ್ನಡಕ ಗುರುವಾರವೇ ರೆಡಿ ಆಗಿತ್ತು," ಎಂದ ಅವನು ಗೋಡೆ ನೋಡುತ್ತಾ. "ನಿನ್ನ ಪ್ರಾರ್ಥನೆ ಇನ್ನೂ ಅರ್ಧಕ್ಕಿತ್ತು. ಮಧ್ಯ ಯಾಕೆ ಬಾಯಿ ಹಾಕ್ಲಿ ಅಂತ ಜೇಬಲ್ಲೇ ಇಟ್ಕೊಂಡೆ."

ಬೈಯಲು ತೆರೆದ ಬಾಯಿಂದ ನಗು ಬಂತು, ನಗುವಿನ ಬೆನ್ನಿಗೇ ಅಳು. ಕಣ್ಣೊರೆಸಿಕೊಂಡು ಕೊರಳಿಗೆ ಟೇಪು ಹಾಕಿಕೊಂಡಳು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ತಂಗಿ ಪೊರಕೆ ಹಿಡಿದುಕೊಂಡೇ ಬಾಗಿಲು ತೆಗೆದಳು. ಪೊರಕೆ ಕೈಯಿಂದ ಜಾರಿತು.

"ಅಕ್ಕಾ... ನಾನೇ ಬರಬೇಕಿತ್ತು..."

"ಗೇಟಿನವರೆಗೆ ಬಂದಿದ್ದೀಯಲ್ಲ, ಮಿಕ್ಕಿದ್ದು ನಾನು ನಡೆದೆ. ತೋಳು ಎತ್ತು. ಕ್ರಿಸ್‌ಮಸ್ಸಿಗೆ ರವಿಕೆ ಬೇಡ್ವಾ ನಿನಗೆ?"

ತಂಗಿ ಚಿಕ್ಕ ಹುಡುಗಿಯ ಹಾಗೆ ತೋಳೆತ್ತಿ ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಕೈ ಇಳಿಸಲಿಲ್ಲ.

"ದಪ್ಪ ಆಗಿದ್ದೀಯ," ಎಂದು ಗದರುತ್ತ ಟೈಲರಮ್ಮ ತೋಳಿನ ಸುತ್ತ ಟೇಪು ಬಳಸಿದಳು. ಒಳಗೆ ಎರಡು ಬೆರಳಿಟ್ಟಳು. ಒಂದು ಕ್ಷಣ ಯೋಚಿಸಿ ಉಳಿದ ಎರಡನ್ನೂ ಸೇರಿಸಿದಳು, ಅಳತೆ ನೋಡಿ ಆದ ಮೇಲೂ ತೆಗೆಯಲಿಲ್ಲ.