ಅಳಿಸದ ರಂಗೋಲಿ

ಶಾಹಿದಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾಗ ಫೋನು ಬಂತು. ಕುಣಿಗಲ್ಲಿನಿಂದ ತಮ್ಮ, "ಅಬ್ಬಾ ಹೋಗ್ಬಿಟ್ರು ಆಪಾ" ಎಂದು ಜೋರಾಗಿ ಅತ್ತ. ಅವಳ ಬೆರಳು ಎಳೆಯ ನಡುವೆಯೇ ನಿಂತಿತು.

ಗಂಡ ಬಿಟ್ಟುಹೋದವಳು, ಅದರ ಮೇಲೆ ಈ ಹೆಸರು. ತುಮಕೂರಿನಲ್ಲಿ ಕೇಳಿದ ಕಡೆಯೆಲ್ಲ ಬಾಡಿಗೆ ಮನೆ ಇಲ್ಲವೆಂದಿದ್ದರು. ಹಾಗಾಗಿ ಅದೇ ಊರಿನ ಸದಾಶಿವನಗರದ ಈ ವಠಾರಕ್ಕೆ ಅವಳು ಶೈಲಾ, ಮಗಳು ಮುಬೀನಾ ಬರೀ ಮೀನಾ.

"ಯಾಕೇ ಶೈಲಾ, ಮುಖ ಹಿಂಗಾಗೈತೆ?" ಅಂಗಳದ ಆ ತುದಿಯಲ್ಲಿ ಹೂ ಕೀಳುತ್ತಿದ್ದ ಮನೆ ಒಡತಿ ತಿಪ್ಪಮ್ಮ ಕೇಳಿದರು. "ಯಾರಾದ್ರೂ ತೀರ್ಕೊಂಡ್ರಾ? ನಿಮ್ಮೋರೇ ಆದ್ರೆ ರಂಗೋಲಿ ಅಳಿಸ್ಬುಡು ಕಣೇ. ನಮ್ ಕಾರಲ್ಲೇ ಹೋಗಾನ, ನಾನೂ ಮಣ್ಣಿಗೆ ಬರ್ತೀನಿ."

ಕರೆದ ಮನಸ್ಸು ಒಳ್ಳೆಯದೇ. ಆದರೆ ತಿಪ್ಪಮ್ಮ ಕುಣಿಗಲ್ಲಿನ ಅಪ್ಪನ ಮನೆ ಬಾಗಿಲಲ್ಲಿ ನಿಂತರೆ ಸಂಜೆಗೆ ಈ ಮನೆ ಉಳಿಯುವುದಿಲ್ಲ.

"ನಮ್ಮೋರಲ್ಲ ಆಂಟಿ, ಹಳೇ ಪಕ್ಕದ್ಮನೆಯೋರು," ಎಂದ ಶಾಹಿದಾ, ನಡುವೆ ನಿಂತಿದ್ದ ಎಳೆಯನ್ನು ಮುಂದಕ್ಕೆಳೆದಳು.

ಹೊಸ್ತಿಲ ಮೇಲೆ ಬ್ರಶ್ ಹಿಡಿದು ನಿಂತಿದ್ದ ಮೀನಾಗೂ ಫೋನಿನಲ್ಲಿ ಮಾಮನ ಮಾತು, ಅಳು ಎರಡೂ ಕೇಳಿಸಿದ್ದವು. ಅವಳು ತಾಯಿಯ ಕೈಯನ್ನು ನೋಡಿದಳು, ತಿಪ್ಪಮ್ಮನನ್ನು ನೋಡಿದಳು. ಬಾಯಲ್ಲಿದ್ದ ನೊರೆಯನ್ನು ಉಗಿದಳು.

"ಅಮ್ಮೀ, ಸತ್ತಿರೋದು ನಿನ್ ಅಬ್ಬಾ ಅಲ್ವಾ? ನೀನ್ಯಾಕೆ ಅಳ್ತಿಲ್ಲ?"